ಮೂವರು ನುಗ್ಗಲಿ, ಎಂಟು ಜನ ಕಾಯಲಿ

ಆ ಮಂಗಳವಾರ ಸಂಜೆ ಐಂಡ್‌ಹೋವನ್‌ನ ನಮ್ಮ ಕ್ಲಬ್‌ಹೌಸಿನಲ್ಲಿ ಡಿಫೆನ್ಸ್ ಆಟಗಾರರೆಲ್ಲ ಕಾಫಿ ಹಿಡಿದು ಕೂತಿದ್ದರು. ಮುಂದೆ ಬ್ರಾಮ್: ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಬರಬೇಕಾದ ಡಚ್ ಹುಡುಗ, ರಕ್ಷಣೆಯ ನಡುಸಾಲು ಕಾಯುವ ಲೈನ್‌ಬ್ಯಾಕರ್. ಪಕ್ಕದಲ್ಲಿ ನಮ್ಮ ಬೆಂಗಳೂರಿನ ಇಮ್ರಾನ್: ಹಗಲು ಚಿಪ್ ಎಂಜಿನಿಯರ್, ಸಂಜೆ ಸೇಫ್ಟಿ, ಅಂದರೆ ಎಲ್ಲರ ಹಿಂದೆ ನಿಲ್ಲುವ ಕೊನೆಯ ಕಾವಲುಗಾರ. ಕೊರೋನಾ ಮುಗಿದು ಮೈದಾನಗಳು ತೆರೆದ ಎರಡನೆಯ ವರ್ಷವದು. ಹೆಂಡತಿಯ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದ, ಮೈಸೂರಿನಲ್ಲಿ ಕಬಡ್ಡಿ ಆಡಿ ಆಡಿಸಿದ್ದ ನಾನು ಆ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನ ಡಿಫೆನ್ಸ್ ಕೋಚ್ ಆಗಿದ್ದೆ.

ಭಾನುವಾರ ಯುಟ್ರೆಕ್ಟ್ ತಂಡದೊಡನೆ ಸೀಸನ್ನಿನ ಕೊನೆಯ ಪಂದ್ಯ. ಸೋತರೆ ನಾವು ಕೆಳಗಿನ ಡಿವಿಷನ್ನಿಗೆ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ನಾಯಕ, ದೇಶದಲ್ಲೇ ಹೆಸರಾದವನು. ಮೊದಲ ಪಂದ್ಯದಲ್ಲಿ ಅವನ ಮೇಲೆ ಆರಾರು ಜನರನ್ನು ಒಟ್ಟಿಗೆ ನುಗ್ಗಿಸಿದ್ದೆವು. ಇದಕ್ಕೆ ಬ್ಲಿಟ್ಜ್ ಎನ್ನುತ್ತಾರೆ. ನಾವು ತಲುಪುವಷ್ಟರಲ್ಲಿ ಅವನು ನಾವೇ ಖಾಲಿ ಬಿಟ್ಟ ಜಾಗಕ್ಕೆ ಚೆಂಡು ದಾಟಿಸಿ, ನಮ್ಮ ಮಾನ ಹರಾಜು ಹಾಕಿದ್ದ.

"ಈ ಸಲ ಮೂವರು ಮಾತ್ರ ನುಗ್ಗಿ. ಎಂಟು ಜನ ಹಿಂದೆ ನಿಂತು ಕಾಯಿರಿ" ಎಂದೆ.

ಬ್ರಾಮ್ ಕಾಫಿ ಕೆಳಗಿಟ್ಟ. "ಕೋಚ್, ಇದು ಡಿಫೆನ್ಸಾ? ಬಸ್ ಸ್ಟಾಪಿನಲ್ಲಿ ನಿಂತ ಹಾಗಾಯ್ತು."

ಅವನದೂ ತಪ್ಪಲ್ಲ. ಕಾಲ್ಚೆಂಡಿನ ಈ ನಾಡಿನಲ್ಲಿ ಎದುರಾಳಿಯನ್ನು ಅವನ ಅಂಗಳದಲ್ಲೇ ಒತ್ತಿ ಹಿಡಿಯಬೇಕೆಂಬುದು ಮಕ್ಕಳು ಎದೆಹಾಲಿನೊಂದಿಗೆ ಕಲಿಯುವ ಪಾಠ. ಈ ನಾಡಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ವಾದ ಬೆಳೆಯುತ್ತದೆ. ಎಲ್ಲರನ್ನೂ ಹುಲ್ಲಿನ ಮೇಲೆ ಕರೆದೊಯ್ದು ಗೆರೆ ಎಳೆದು, ಬ್ರಾಮ್ ಮತ್ತಿತರರನ್ನು ಆಚೆ ಕೈ ಕೈ ಹಿಡಿಸಿ ನಿಲ್ಲಿಸಿದೆ. "ಇಮ್ರಾನ್, ರೈಡ್ ಹೋಗು."

ಇಮ್ರಾನ್ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದ. ಬ್ರಾಮ್ ಹುಲಿಯಂತೆ ಹಾರಿದ. ಇಮ್ರಾನ್ ಅವನ ಭುಜ ಮುಟ್ಟಿ ವಾಪಸು ಬಂದೂ ಆಯಿತು. ಮತ್ತೊಮ್ಮೆ, ಮಗದೊಮ್ಮೆ ಅದೇ ಕಥೆ.

"ಸರ್, ಇವ್ನಿಗೆ ನುಗ್ಗೋದ್ ಬಿಟ್ರೆ ಏನೂ ಗೊತ್ತಿಲ್ಲ!" ಎಂದ ಇಮ್ರಾನ್.

ಮೈಸೂರಿನ ನಮ್ಮ ಮೇಷ್ಟ್ರ ಮಾತು ನೆನಪಾಯಿತು: "ಬರ್ಲಿ ಬಿಡ್ರೋ. ಒಳಗ್ ಬಂದಷ್ಟೂ ಅವ್ನಿಗೇ ಜಾಗ ಕಮ್ಮಿ." ಅದನ್ನೇ ಬ್ರಾಮ್‌ಗೆ ಹೇಳಿದೆ. ಈ ಸಲ ಅವನು ಹಲ್ಲು ಕಚ್ಚಿ ನಿಂತ. ಇಮ್ರಾನ್ ಮೂಲೆಯವರೆಗೂ ಬಂದ. ಹಿಂದಿನಿಂದ ಕೈಗಳ ಸರಪಳಿ ಮುಚ್ಚಿಕೊಂಡಿತು.

"ಸರ್, ಇಳಿಯೋಕ್ ಹೇಳಿ! ಎದೆ ಮೇಲೆ ಕೂತವ್ನೆ!"

ಬ್ರಾಮ್ ಅಲ್ಲೇ ಕೂತು ಗಹಗಹಿಸಿದ. ವಾದ ಮುಗಿಯಿತು.

ಭಾನುವಾರ ನಾವು ಅವರನ್ನು ಒಳಗೆ ಬರಲು ಬಿಟ್ಟೆವು. ಈ ಆಟದಲ್ಲಿ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಐದು ಗಜ, ಆರು ಗಜ ಕೊಟ್ಟೆವು, ಚೆಂಡು ಹಿಡಿದವನನ್ನು ಅಲ್ಲೇ ಕೆಡವಿದೆವು. ಚೆಂಡು ನಮ್ಮ ತಲೆಯ ಮೇಲಿಂದ ದಾಟಲು ಮಾತ್ರ ಬಿಡಲಿಲ್ಲ. ನಮ್ಮ ಪ್ರೇಕ್ಷಕರೇ ಬೈದರು. ಬ್ರಾಮ್ ಆಗಾಗ ನನ್ನತ್ತ ತಿರುಗಿ, "ಕೋಚ್, ಈಗ?" ಎನ್ನುವನು. "ಈಗಲ್ಲ" ಎನ್ನುವೆ. ಗುರಿಗೆರೆ ಹತ್ತಿರವಾದಂತೆ ಅವರಿಗೆ ಓಡಲು ಜಾಗವಿಲ್ಲದೆ ಆಟ ಬಿಗಿಯಾಯಿತು. ಬೇಸತ್ತ ಕ್ವಾರ್ಟರ್‌ಬ್ಯಾಕ್ ಒಮ್ಮೆ ದೂರಕ್ಕೆ ಎಸೆದ. ಇಮ್ರಾನ್ ಅಲ್ಲೇ ಕಾದಿದ್ದ, ಚೆಂಡು ಅವನ ಕೈಗೇ ಬಂತು.

ಕೊನೆಗೆ ನಾವು ನಾಲ್ಕು ಅಂಕ ಮುಂದೆ. ಅವರು ಗುರಿಗೆರೆಗೆ ಎಂಟು ಗಜ ದೂರದಲ್ಲಿ, ಉಳಿದದ್ದು ಒಂದೇ ಯತ್ನ. ಗೆರೆ ದಾಟಿದರೆ ಆರು ಅಂಕ, ಅವರ ಗೆಲುವು.

"ಕೋಚ್, ಈಗ?"

"ಈಗ."

ಇಮ್ರಾನ್ ಹಿಂದಿನಿಂದ ಕೂಗಿದ, "ಸರ್, ನಾನೂ ಮುಂದೆ ಬರ್ಲಾ?"

"ಜಾಗ ಬಿಟ್ರೆ ನೋಡು! ಅಲ್ಲೇ ನಿಂತ್ಕೋ!"

ಇಡೀ ದಿನ ಮೂವರನ್ನೇ ಕಂಡಿದ್ದ ಕ್ವಾರ್ಟರ್‌ಬ್ಯಾಕ್, ಬ್ರಾಮ್ ಬಂದದ್ದನ್ನು ಕಂಡದ್ದು ಬ್ರಾಮ್ ಮೈಮೇಲೆ ಬಿದ್ದಾಗ. ಗಾಬರಿಯಲ್ಲಿ ಎಸೆದ ಚೆಂಡನ್ನು ಇಮ್ರಾನ್ ಎರಡೂ ಕೈಯಿಂದ ನೆಲಕ್ಕೆ ಬಡಿದ. ನಾವು ಉಳಿದೆವು.

"ಹಿಡೀಬೋದಿತ್ತಲ್ಲೋ?" ಎಂದೆ, ಅಪ್ಪಿಕೊಂಡೇ.

"ದುಡುಕ್ಬೇಡ ಅಂದೋರು ನೀವೇ ಅಲ್ವಾ ಸರ್!"

ಬಲಶಾಲಿಯನ್ನು ಅವನಿಗೆ ಒಗ್ಗಿದ ವೇಗದಲ್ಲಿ ಎದುರಿಸಬಾರದು, ನಮ್ಮ ವೇಗಕ್ಕೆ ಇಳಿಸಿಕೊಳ್ಳಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ಸರಿಯೇ. ಆದರೆ ತಾಳುವುದೆಂದರೆ ಸುಮ್ಮನಿರುವುದಲ್ಲ, ಹೊತ್ತು ನೋಡಿ ಏಳುವುದು. ಅದನ್ನು ಹಾರುವ ಹುಲಿಯಂಥ ಹುಡುಗನಿಗೆ ಕಲಿಸಿದೆನೆಂಬ ಹೆಮ್ಮೆ ನನಗಿದೆ.

ಮರುವರ್ಷ ಬ್ರಾಮ್ ಕೆಲಸಕ್ಕೆಂದು ಎನ್ಸ್‌ಕೆಡೆಗೆ ಹೋದ, ಅಲ್ಲಿ ಮಕ್ಕಳ ತಂಡಕ್ಕೆ ಕೋಚ್ ಆದ. ಒಂದು ಶನಿವಾರ ಇಮ್ರಾನನೂ ನಾನೂ ರೈಲು ಹತ್ತಿ ನೋಡಲು ಹೋದೆವು. ಹೆಲ್ಮೆಟ್‌ಗಳು ಬೇಲಿಯ ಪಕ್ಕ ಬಿದ್ದಿದ್ದವು. ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ಬ್ರಾಮ್ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದ. ಒಂದು ಮಗುವೂ ಅಲುಗಲಿಲ್ಲ. ಅವನು ಮೂಲೆಯವರೆಗೂ ಬಂದ ಮೇಲೆ ಎಲ್ಲ ಒಟ್ಟಿಗೆ ಅವನ ಮೇಲೆ ಬಿದ್ದವು.