ರೂಪಳ ಸೀಟು, ಓನರ್ ಸಹಿ

ಮೂರು ವರ್ಷದ ಹಿಂದಿನ ಮಾತು. ಆಂಡರ್ಸನ್‌ಪೇಟೆಯಲ್ಲಿ ನಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ, ಆಗ್ಲೇ ಹನ್ನೊಂದು ವರ್ಷ ಆಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಇಪ್ಪತ್ತೊಂಬತ್ತನೇ ವಯಸ್ಸಲ್ಲಿ, ಹಂಗಾಗಿ ಓದೋ ಮಕ್ಕಳನ್ನ ಕಂಡ್ರೆ ನಂಗೆ ಒಂಥರಾ ಆಸೆ. ನಮ್ಮಕ್ಕ ಕೂಲಿಗೆ ಹೋಗೋಳು. ಅವಳ ಮಗಳು ರೂಪ ಡಾಕ್ಟರಾಗಬೇಕು ಅಂತ ಬಂಗಾರಪೇಟೆಯ ಒಂದು ಕೋಚಿಂಗ್ ಸೆಂಟರಿಗೆ ಸೇರಿದ್ಲು.

ನೀಟ್ ಅಂದ್ರೆ ಮೆಡಿಕಲ್ ಸೀಟಿನ ಪರೀಕ್ಷೆ, ಏಳ್ನೂರಿಪ್ಪತ್ತು ಮಾರ್ಕಿಂದು. ಅದಕ್ಕೆ ಎರಡು ತಿಂಗಳು ಇದೆ ಅನ್ನುವಾಗ ಸೆಂಟರ್‌ನೋರು ಒಂದು ಮಾದರಿ ಪರೀಕ್ಷೆ ಇಟ್ಟು, ಕಡಿಮೆ ಬಂದೋರನ್ನೆಲ್ಲ ಹೊರಗೆ ಹಾಕಿದ್ರು. ಅವರು ಲೆಕ್ಕಕ್ಕೇ ಬರದಿದ್ರೆ ಸೆಂಟರ್ ರಿಸಲ್ಟ್ ಚೆನ್ನಾಗಿ ಕಾಣ್ತದಲ್ಲ. ರೂಪಂಗೆ ಬಂದಿದ್ದು ಇನ್ನೂರ ನಲವತ್ತೊಂದು. ಅಕ್ಕಂಗೆ ಓದೋಕೆ ಬರಲ್ಲ. "ಏನ್ ತಪ್ಪು ಮಾಡವ್ಳೆ ಅಂತ ಬರ್ದು ಕೊಡ್ರಿ ಸಾಮಿ, ನನ್ ತಮ್ಮಂಗೆ ತೋರಿಸ್ತೀನಿ" ಅಂದ್ಲಂತೆ. ಸೆಂಟರ್ ಓನರ್ ಲೆಟರ್‌ಹೆಡ್ಡಲ್ಲೇ ಬರ್ದು ಸಹಿ ಹಾಕಿಕೊಟ್ಟಿದ್ದ: "ಈ ವಿದ್ಯಾರ್ಥಿನಿಗೆ ವೈದ್ಯಕೀಯ ಓದುವ ಸಾಮರ್ಥ್ಯವಿಲ್ಲ. ಬೇರೆ ಕೆಲಸಕ್ಕೆ ಕಳುಹಿಸುವುದು ಉತ್ತಮ." ಅದನ್ನ ಅಕ್ಕಂಗೆ ಓದಿ ಹೇಳಿದೋನು ನಾನೇ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ ಸಲ ಸೀಟು ಬರ್ಲಿಲ್ಲ. ಮುಂದಿನ ಒಂದು ವರ್ಷ ರೂಪ ನನ್ನ ಅಂಗಡಿ ಹಿಂದಿನ ರೂಮಲ್ಲಿ, ಇಂಕಿನ ವಾಸನೆಯಲ್ಲೇ ಕೂತು ಓದಿದ್ಲು. ಹಾಳಾದ ಫ್ಲೆಕ್ಸ್ ತಿರುಗಿಸಿ, ಬಿಳಿ ಕಡೆ ಮಾರ್ಕರಲ್ಲಿ ಹೃದಯ, ಕಿಡ್ನಿ ಬಿಡಿಸ್ತಿದ್ಲು. ಸರ್ಕಾರಿ ಕಾಲೇಜಲ್ಲೇ ಎಂಬಿಬಿಎಸ್ ಸೀಟು ಸಿಕ್ತು.

ನಾಲ್ಕನೇ ದಿನ ಅದೇ ಓನರ್ ನನ್ನ ಅಂಗಡಿಗೆ ಬಂದ. ನಾನು ಅವಳ ಮಾವ ಅಂತ ಅವನಿಗೆ ಗೊತ್ತಿಲ್ಲ. ಪೆನ್‌ಡ್ರೈವಲ್ಲಿ, ಸೆಂಟರಿಗೆ ಸೇರುವಾಗ ರೂಪ ಕೊಟ್ಟಿದ್ದ ಫೋಟೋ.

"ಹತ್ತಡಿ, ಆರಡಿ. ಈ ಹುಡುಗಿ ಮಧ್ಯದಲ್ಲಿ ಬರ್ಲಿ. 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಅಂತ ಹಾಕಿ."

"ಚೆನ್ನಾಗಿ ಓದ್ತಿದ್ಲಾ ಸಾರ್?"

"ಮೊದಲನೇ ದಿನಾನೇ ಗೊತ್ತಾಯ್ತು ನಂಗೆ!"

ನಾಳೆ ಬನ್ನಿ ಅಂದೆ.

ಮುಖ ಅವಳದು, ಅವಳನ್ನ ಕೇಳದೆ ನಾನು ಏನೂ ಮಾಡೋ ಹಂಗಿಲ್ಲ. ಕೇಳಿದ್ದಕ್ಕೆ ಪೆಟ್ಟಿಗೆಯಿಂದ ಆ ಲೆಟರ್ ತಂದು ಕೊಟ್ಲು. "ಮಾವ, ಇದ್ನೇ ದೊಡ್ಡದು ಮಾಡಾಕು. ನನ್ ಫೋಟೋ ಮೂಲೇಲಿ ಸಣ್ದಾಗಿರ್ಲಿ. ಅವಯ್ಯನ ಸೈನು ರೋಡಿಗೆ ಕಾಣ್ಬೇಕು."

ಒಂದೇ ಬೆರಳಲ್ಲಿ ಟೈಪ್ ಮಾಡೋನು ನಾನು. ಅವತ್ತು ಟೈಪಿಂಗೇ ಬೇಕಾಗ್ಲಿಲ್ಲ. ಲೆಟರ್ ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಸೀಟು ಸಿಕ್ಕಿದ ಆದೇಶ ಇಟ್ಟು, ಹತ್ತಡಿ ಪ್ರಿಂಟ್ ತೆಗೆದು ನನ್ನ ಅಂಗಡಿ ಗೋಡೆಗೇ ಕಟ್ಟಿದೆ.

ಮಾರನೇ ದಿನ ಓನರ್ ಬಂದೋನು ಅದರ ಮುಂದೆ ನಿಂತುಬಿಟ್ಟ.

"ಇಳಿಸ್ರೀ ಇದನ್ನ! ನನ್ನ ಮಾನ ಹೋಗ್ತದೆ!"

"ಪ್ರೂಫ್ ನೋಡ್ಬಿಡಿ ಸಾರ್. ಒಂದಕ್ಷರ ತಪ್ಪಿದ್ರೂ ಇಳಿಸ್ತೀನಿ."

ಓದಿದ. ಸಹಿ ತನಕ ಓದಿದ. ಎದುರಿಗೆ ನಿಂತಿದ್ದ ಆಟೋದೋನು ಕೂಗಿದ: "ಸಾರ್, ನಮ್ಮುಡುಗಂಗೂ ಇಂಥದ್ದೊಂದು ಲೆಟರ್ ಬರ್ಕೊಡಿ, ಡಾಕ್ಟರಾಗ್ಲಿ!" ಓನರ್ ತಲೆ ತಗ್ಗಿಸಿ ಹೋದ.

ಕ್ಷಮಿಸಬಹುದಿತ್ತಲ್ಲ ಅಂತ ಕೆಲವರು ಕೇಳ್ತಾರೆ. ಅಕ್ಕಂಗೆ ಆ ಲೆಟರ್ ಓದಿ ಹೇಳಿದೋರು ಅವರಲ್ಲವಲ್ಲ. ಈ ಕೆಲಸ ನಂಗೆ ಕಲಿಸಿರೋದು ಇಷ್ಟೇ: ನಮ್ಮ ಬಿಸಿಲಿಗೆ ಫ್ಲೆಕ್ಸ್ ಬಣ್ಣ ಆರು ತಿಂಗಳು ನಿಂತ್ರೆ ಹೆಚ್ಚು, ಅದಕ್ಕೇ ಫೈಲ್ ಅಳಿಸಬಾರದು. ಈಗ ಗೋಡೆ ಮೇಲಿರೋದು ನಾಲ್ಕನೇ ಪ್ರಿಂಟು.