ಎರಡರಿಂದ ನಾಲ್ಕು ವರ್ಷದವರಿಗೆ ಮಾತ್ರ

ಹಾರ್ನಕ್ಕ ಅಂತ ಅವಳಿಗೆ ಹೆಸರಿಟ್ಟದ್ದು ಅವಳ ವ್ಯಾನಿನ ಮಕ್ಕಳೇ. ಗಂಡ ತೀರಿಕೊಂಡಾಗ ನೆಂಟರೆಲ್ಲ ಆ ಸ್ಕೂಲ್ ವ್ಯಾನನ್ನು ಮಾರಿಬಿಡು ಎಂದು ದುಂಬಾಲು ಬಿದ್ದಿದ್ದರು. ಅವಳು ಯಾರಿಗೂ ಉತ್ತರ ಕೊಡದೆ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಸ್ಟೀರಿಂಗ್ ಹಿಡಿದಳು. ಮನೆಗಳ ಮುಂದೆ ಹಾರ್ನ್ ಒತ್ತುವ ಅಭ್ಯಾಸ ಅವಳಿಗಿರಲಿಲ್ಲ. "ಶೂ ಎಲ್ಲೋ? ಬಾಟ್ಲಿ ಎಲ್ಲೇ?" ಎಂದು ಒಂದು ಕೂಗು ಹಾಕಿದರೆ ಮೂರನೇ ಮಹಡಿಯ ಮಕ್ಕಳೂ ಎದ್ದೆವೋ ಬಿದ್ದೆವೋ ಎಂದು ಇಳಿದು ಬರುತ್ತಿದ್ದವು.

ಡ್ರೈವರ್ ಸೀಟಿನ ಹಿಂದಿನ ಜಾಗ ತಮ್ಮನ ಮಗಳು ಪುಟ್ಟಿಯದು. ಹನ್ನೊಂದು ವರ್ಷ. ನಡಿಗೆ ತಡವಾಗಿ ಬಂತು, ಮಾತು ಇನ್ನೂ ತಡವಾಗಿ ಬಂತು. ಓದು ಯಾವಾಗ ಎಂದು ಯಾರಾದರೂ ಕೇಳಿದರೆ ಹಾರ್ನಕ್ಕ, "ದಾರೀಲಿದೆ, ಟ್ರಾಫಿಕ್ ಜಾಸ್ತಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ವ್ಯಾನಿಗೆ ರಜೆ. ಅತ್ತೆ ಸೊಸೆ ಇಬ್ಬರೂ ಸಮುದಾಯ ಭವನದ ಮಾಳಿಗೆಗೆ ಹೋಗುತ್ತಿದ್ದರು. ಅಲ್ಲಿ ಪುಸ್ತಕದ ಬದಲು ಆಟದ ಸಾಮಾನು ಎರವಲು ಕೊಡುವ ಲೈಬ್ರರಿ ಇತ್ತು. ಒಂದೇ ಕೋಣೆ, ನೆಲಕ್ಕೆ ಚಾಪೆ, ಸುತ್ತ ಕಪಾಟು. ಪುಟ್ಟಿಯ ಕೈ ನೇರ ಹೋಗುತ್ತಿದ್ದದ್ದು ಒಂದು ಮರದ ಹಲಗೆಗೆ. ಅದರಲ್ಲಿ ಕೊರೆದ ಗೂಡುಗಳಿಗೆ ಸರಿಯಾಗಿ ಕೂರುವ ಮರದ ಪ್ರಾಣಿಗಳು. ಆನೆ, ಆಮೆ, ಬಾತು, ಒಂಟೆ. ಒಂದೊಂದರ ಬೆನ್ನಿಗೂ ಹಿಡಿಯಲು ಪುಟ್ಟ ಗುಂಡಿ. ಅವಳು ಹಲಗೆಯನ್ನು ನೋಡುತ್ತಲೇ ಇರಲಿಲ್ಲ. ಕಿಟಕಿಯಾಚೆ ಕಣ್ಣಿಟ್ಟು, ಆನೆಯ ಸೊಂಡಿಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಸವರಿ, ಅದರ ಗೂಡಿಗೆ ಇಳಿಸುತ್ತಿದ್ದಳು. ಟಕ್ ಎಂದು ಕೂತ ಕೂಡಲೇ ಮುಖ ಅರಳುತ್ತಿತ್ತು. ಎಲ್ಲ ಕೂತ ಮೇಲೆ ಮಗುಚಿ ಸುರಿದು ಮತ್ತೆ ಮೊದಲಿಂದ. ಅದನ್ನು ನೋಡುತ್ತ ಹಾರ್ನಕ್ಕನಂಥವಳೂ ಗಪ್‌ಚಿಪ್ ಆಗಿಬಿಡುತ್ತಿದ್ದಳು.

ಒಂದು ಶನಿವಾರ ಹೋದರೆ ಕಪಾಟುಗಳಿಗೆಲ್ಲ ಬಣ್ಣದ ಪಟ್ಟಿ ಅಂಟಿಸಿದ್ದರು. ಗೋಡೆಗೆ ಹೊಸ ಬೋರ್ಡು: "ಮಕ್ಕಳು ತಮ್ಮ ವಯಸ್ಸಿನ ಕಪಾಟಿನಿಂದ ಮಾತ್ರ ಆಟಿಕೆ ತೆಗೆದುಕೊಳ್ಳತಕ್ಕದ್ದು." ಪುಟ್ಟಿ ಹಲಗೆ ಎದೆಗವಚಿಕೊಂಡು ಬಂದಳು. ಕೌಂಟರಿನ ಹುಡುಗಿ ತಲೆ ತಗ್ಗಿಸಿ, "ಇದು ಎರಡರಿಂದ ನಾಲ್ಕು ವರ್ಷದವರಿಗೆ ಮಾತ್ರ ಅಕ್ಕಾ. ಡಬ್ಬಿ ಮೇಲೇ ಬರ್ದಿದೆ" ಎಂದಳು.

"ಇಷ್ಟು ದಿನ ಇರಲಿಲ್ವೇನಮ್ಮ ಅದು ಡಬ್ಬಿ ಮೇಲೆ?"

ಒಳಗಿನಿಂದ ಕಾರ್ಯದರ್ಶಿ ಬಂದರು. ಇಸ್ತ್ರಿ ಮುರಿಯದ ಅಂಗಿ, ಅಳೆದು ತೂಗಿದ ಮಾತು. "ನೋಡಿ ತಾಯಿ, ದೊಡ್ಡ ಮಕ್ಕಳು ಚಿಕ್ಕವರ ಕಪಾಟಿಗೆ ಬರ್ತಾರೆ ಅಂತ ಒಬ್ಬರು ದೂರು ಕೊಟ್ಟಿದ್ದಾರೆ. ನಿಯಮ ಎಲ್ಲರಿಗೂ ಒಂದೇ. ನಿಮ್ಮ ಹುಡುಗಿ ವಿಷಯ ಬೇರೆ ಅನ್ನೋದಾದ್ರೆ ಡಾಕ್ಟರ್ ಸರ್ಟಿಫಿಕೇಟ್ ತನ್ನಿ, ಪರಿಶೀಲಿಸೋಣ."

ಹಾರ್ನಕ್ಕನಿಗೆ ಅಂಗಾಲಿನಿಂದ ನೆತ್ತಿವರೆಗೆ ಉರಿಯಿತು. "ಆಟ ಆಡೋಕ್ಕೂ ಸರ್ಟಿಫಿಕೇಟಾ? ಏನಂತ ಬರೆಸ್ಕೊಂಡು ಬರ್ಲಿ? ಈ ಮಗೂಗೆ ಆನೆ ಕಂಡ್ರೆ ಇಷ್ಟ ಅಂತಲಾ? ನಾಳೆ ನಗೋಕೆ ಯಾವ ಆಫೀಸಿಂದ ಕಾಗದ ತರಬೇಕು, ಅದನ್ನೂ ಹೇಳಿಬಿಡಿ!"

ಚಾಪೆ ಮೇಲಿದ್ದ ತಾಯಂದಿರೆಲ್ಲ ಇತ್ತ ತಿರುಗಿದರು. ಅಷ್ಟರಲ್ಲಿ ಪುಟ್ಟಿ ಹಲಗೆಯನ್ನು ತಾನೇ ಒಯ್ದು ಕಪಾಟಿನಲ್ಲಿಟ್ಟು ಬಂದು, ಅತ್ತೆಯ ಸೆರಗು ಜಗ್ಗಿದಳು. "ನಾನು ದೊಡ್ಡವಳು ಅತ್ತೆ," ಎಂದಳು. "ನಂಗೆ ಬೇಡ."

ಯಾರಾದರೂ ಬೈದಿದ್ದರೂ ಹಾರ್ನಕ್ಕ ತಡೆದುಕೊಳ್ಳುತ್ತಿದ್ದಳು. ಆ ಮಾತನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

ಮನೆಗೆ ಬಂದರೆ ತಮ್ಮನದು ಬೇರೆಯೇ ರಾಗ. ಅವನು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವನು, ಮಿತಭಾಷಿ. "ಅವರು ಹೇಳಿದ್ರಲ್ಲಿ ತಪ್ಪೇನಿದೆ ಅಕ್ಕಾ? ಎಷ್ಟು ದಿನ ಎಳೆಮಕ್ಕಳ ಆಟ?" ಎಂದವನು ಮರುದಿನ ಇನ್ನೂರು ತುಂಡುಗಳ ಒಂದು ಚಿತ್ರ ಜೋಡಣೆಯ ಡಬ್ಬಿ ತಂದ. ಮೇಲೆ ದಪ್ಪಕ್ಷರದಲ್ಲಿ ಹತ್ತು ವರ್ಷ ಮೇಲ್ಪಟ್ಟವರಿಗೆ ಎಂದಿತ್ತು. ಹಡಗು, ಸಮುದ್ರ, ಎಲ್ಲೆಲ್ಲೂ ನೀಲಿ. ಪುಟ್ಟಿ ನೀಲಿ ತುಂಡುಗಳನ್ನೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸಿದಳು. "ಹಾಗಲ್ಲ, ಮೊದಲು ಮೂಲೆ ಹುಡುಕು," ಎಂದ ಅಪ್ಪ. ಹುಡುಕಿದಳು. "ಇದಲ್ಲ." ಮತ್ತೆ ಹುಡುಕಿದಳು. "ಸರಿಯಾಗಿ ನೋಡೇ!" ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸರಿದಳು.

ಹಾರ್ನಕ್ಕ ತಮ್ಮನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ಡಬ್ಬಿ ಮೇಲಿನ ನಂಬರ್ ನೋಡಿ ಮಗು ಹೆತ್ಯೇನೋ ನೀನು? ಅವಳು ಯಾರಿಗೆ ಏನು ಸಾಲ ತೀರಿಸಬೇಕೋ ಇಲ್ಲಿ?"

ತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತ. "ಜನ ನಗ್ತಾರೆ ಅಕ್ಕಾ," ಎಂದ. ಅಕ್ಕನ ಸಿಟ್ಟು ಅವನ ಮೇಲಿಂದ ಇಳಿಯಿತು, ಆದರೆ ಆರಲಿಲ್ಲ. ಹೆತ್ತ ಅಪ್ಪನ ಬಾಯಿಂದಲೂ ಆ ಮಾತು ಹೊರಡುವ ಹಾಗೆ ಮಾಡಿದವರು ಯಾರು ಎಂದು ರಾತ್ರಿಯಿಡೀ ಹಲ್ಲು ಕಡಿದಳು.

ಮುಂದಿನ ಶನಿವಾರ ಒಬ್ಬಳೇ ಹೋದಳು. ಕೌಂಟರಿನ ಹುಡುಗಿ ಅತ್ತಿತ್ತ ನೋಡಿ ಪಿಸುಗುಟ್ಟಿದಳು, "ಅಕ್ಕಾ, ನಿಮ್ಮ ಹೆಸರಲ್ಲೇ ಕಾರ್ಡ್ ಮಾಡಿಕೊಡ್ತೀನಿ. ದೊಡ್ಡವರಿಗೆ ಯಾವ ಕಪಾಟಾದ್ರೂ ನಡೆಯುತ್ತೆ."

ಹುಡುಗಿಯ ಮನಸ್ಸು ಒಳ್ಳೆಯದೆಂದು ಅವಳಿಗೆ ಗೊತ್ತಿತ್ತು. ಒಂದು ಗಳಿಗೆ ಹೂಂ ಅನ್ನಲು ಬಾಯಿಯೂ ತೆರೆದಳು. ಆಮೇಲೆ, "ಬೇಡಮ್ಮ," ಎಂದಳು. "ಕದ್ದುಮುಚ್ಚಿ ಆಡೋಕೆ ನಮ್ಮ ಹುಡುಗಿ ಏನು ತಪ್ಪು ಮಾಡಿದಾಳೆ?"

ತಿಂಗಳ ಸದಸ್ಯರ ಸಭೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ಲೆಕ್ಕಪತ್ರ, ವಂದನಾರ್ಪಣೆ ಎಂದು ಮುಗಿಸುವ ಹೊತ್ತಿಗೆ ಎದ್ದು ನಿಂತಳು. ಮೈಕು ಕೊಡಲು ಬಂದವನಿಗೆ ಬೇಡವೆಂದಳು.

"ಡಬ್ಬಿ ಮೇಲೆ ಎರಡು ವರ್ಷ ಅಂತ ಯಾಕೆ ಹಾಕ್ತಾರೆ? ಎಳೆಕೂಸು ತುಂಡು ನುಂಗಿಬಿಡಬಾರದು ಅಂತ. ಸರಿ, ಒಪ್ಪಿದೆ. ನಾಲ್ಕರ ಆಚೆ ಇರೋರು ಮುಟ್ಟಿದ್ರೆ ಯಾರ ಗಂಟಲಿಗೆ ಏನು ಸಿಕ್ಕಿಕೊಳ್ಳುತ್ತೆ? ನಿಮ್ಮ ಗಂಟಲಿಗಾ?"

ಹಿಂದಿನಿಂದ, ಮೂರು ವರ್ಷದ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿಯೊಬ್ಬಳು ಎದ್ದಳು. "ದೂರು ಕೊಟ್ಟೋಳು ನಾನೇ," ಎಂದಳು. "ದೊಡ್ಡ ಹುಡುಗರು ಚಾಪೆ ಮೇಲೆ ಬಾಲ್ ಎಸೀತಾರೆ ಅಂದಿದ್ದೆ ಅಷ್ಟೆ. ಆ ಹುಡುಗಿ ನನ್ನ ಮಗಳಿಗೆ ಒಂಟೆ ಕೂರಿಸೋದು ಹೇಳಿಕೊಟ್ಟವಳು. ಅವಳನ್ನ ಹೊರಗೆ ಹಾಕಿ ಅಂತ ನಾನು ಯಾವಾಗ ಅಂದೆ?"

ಕಾರ್ಯದರ್ಶಿಯವರು ಕೆಮ್ಮಿ, ಸಮಿತಿ ಪರಿಶೀಲಿಸುತ್ತದೆ ಎಂದರು. ಪರಿಶೀಲಿಸಿತು. ಬೋರ್ಡು ಇಳಿಯಿತು. ಪುಟ್ಟಿಯ ಹೆಸರಿಗೆ ಕಾರ್ಡು ಬಂತು. ಅದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ "ವಿಶೇಷ" ಎಂದು ಬರೆದಿದ್ದರು. ಹಾರ್ನಕ್ಕ ಅದನ್ನು ಅವರ ಮೇಜಿಗೇ ಹಿಂತಿರುಗಿಸಿ, ಬೇರೆ ಬರೆದುಕೊಡುವವರೆಗೂ ಅಲ್ಲಿಂದ ಕದಲಲಿಲ್ಲ.

ಗೆದ್ದೆಯಲ್ಲ ಎಂದರು ಎಲ್ಲರೂ. ಆದರೆ ಪುಟ್ಟಿ ಈಗ ಕೋಣೆಯಲ್ಲಿ ಬೇರೆಯವರಿದ್ದರೆ ಆ ಹಲಗೆಯನ್ನು ಮುಟ್ಟುವುದಿಲ್ಲ. ಬಾಗಿಲ ಬಳಿ ನಿಂತು, ಒಳಗೆ ಯಾರಿದ್ದಾರೆಂದು ಮೊದಲು ನೋಡುತ್ತಾಳೆ. ಹಿಂದೆ ಅವಳಿಗೆ ಆ ಅಭ್ಯಾಸ ಇರಲಿಲ್ಲ. ಅದಕ್ಕೇ ಕೌಂಟರಿನ ಹುಡುಗಿ ಶನಿವಾರ ಅರ್ಧ ಗಂಟೆ ಮುಂಚೆ ಬೀಗ ತೆಗೆಯುತ್ತಾಳೆ. ಖಾಲಿ ಚಾಪೆಯ ಮೇಲೆ ಪುಟ್ಟಿ ಕೂರುತ್ತಾಳೆ. ಒಮ್ಮೊಮ್ಮೆ ತಮ್ಮನೂ ಬಂದು, ಮಂಡಿ ಮಡಚಲಾರದೆ ಕಾಲು ಚಾಚಿ, ತಪ್ಪು ಸರಿ ಹೇಳದೆ ಪಕ್ಕದಲ್ಲಿ ಕೂರುತ್ತಾನೆ.

ಕಾರ್ಯದರ್ಶಿಯವರು ಬೇಗ ಬಂದ ದಿನ, "ಹೇಗಿದ್ದೀರಿ ತಾಯಿ, ಎಲ್ಲ ಸರಿಹೋಯ್ತಲ್ಲ?" ಎಂದು ನಗುತ್ತಾರೆ. ಬೀದಿಗೆಲ್ಲ ಕೇಳುವ ಗಂಟಲಿನ ಹಾರ್ನಕ್ಕ ಅವರಿಗೆ ಇವತ್ತಿನವರೆಗೂ ಒಂದಕ್ಷರ ಉತ್ತರ ಕೊಟ್ಟಿಲ್ಲ.