ಹಿಡಿಯದೆ ಬಿಟ್ಟ ಕುರಿ

ಆ ಕುರಿಯ ಎಡಗಿವಿಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಚಿಕ್ಕದೊಂದು ಕಚ್ಚು ಇತ್ತು. ಅದು ನನ್ನದು ಎನ್ನುವುದಕ್ಕೆ ಇದ್ದ ಗುರುತು ಅಷ್ಟೇ.

ಗುಮ್ಮಘಟ್ಟದ ಕಡೆಯ ನಮ್ಮ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಅದರ ಹೆಸರಿಗೊಂದು ಹೆಣ್ಣುಮರಿ ಬಿಡುತ್ತಾರೆ. ಅದರ ಪೀಳಿಗೆಯ ಒಂದಾದರೂ ಕುರಿ ಯಾವಾಗಲೂ ಹಿಂಡಿನಲ್ಲಿರಬೇಕು. ಹಿಂಡು ಮಾರುವ ದಿನ ಮುಳ್ಳುಬೇಲಿಯ ರೊಪ್ಪದ ಬಾಯಲ್ಲಿ ಅವಳೇ ನಿಂತು, ಕುರಿಗಳು ಹೊರಬೀಳುವಾಗ ತನ್ನದರ ಹಿಂಗಾಲು ಹಿಡಿದು ನಿಲ್ಲಿಸಿಕೊಳ್ಳಬೇಕು. ದಾಟಿ ಹೋದದ್ದು ಕೊಂಡವನದು. ಆಮೇಲೆ ಕೇಳುವಂತಿಲ್ಲ.

ನಾನು ಮಡಕಶಿರಾದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಊರಿಗೆ ಹೊರಡುವ ದಿನ ‘ಹೋಲ್ಡ್ ಬ್ಯಾಕ್’ ಎಂದು ಬೋರ್ಡಿನ ಮೇಲೆ ಬರೆದು ಅದರ ಅರ್ಥಗಳನ್ನು ಹೇಳಿದ್ದೆ. ಅಳು ತಡೆದುಕೊಳ್ಳುವುದು, ಗೊತ್ತಿದ್ದದ್ದನ್ನು ಹೇಳದೆ ಇರುವುದು, ಮುಂದಕ್ಕೆಂದು ತೆಗೆದಿಡುವುದು, ಹೊರಟವರನ್ನು ಹೋಗಗೊಡದಿರುವುದು. ರೊಳ್ಳದಿಂದ ಬರುವ ಹುಡುಗಿಯೊಬ್ಬಳು ಕೇಳಿದಳು:

“ಒಂದೇ ಮಾತು ಇಷ್ಟೊಂದ್ ಕೆಲ್ಸ ಮಾಡಿದ್ರೆ ಯಾವ್ದು ಅಂತ ಹೆಂಗ್ ತಿಳ್ಕಳದು ಮೇಡಂ?”

“ಯಾರು, ಯಾರನ್ನ, ಯಾಕೆ ಅಂತ ನೋಡು. ಗೊತ್ತಾಗುತ್ತೆ” ಎಂದೆ. ಅನುಮಾನವೇ ಇಲ್ಲದ ದನಿಯಲ್ಲಿ.

ಆಗ ನನ್ನ ಫೋನಿನಲ್ಲಿ ಮೂರು ವಾರದ ಹಳೆಯ ಪತ್ರವಿತ್ತು. ಮೈಸೂರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಅಪ್ಪನಿಗೆ ಹೇಳಿರಲಿಲ್ಲ. “ಬಸ್ ಹತ್ತಿದ್ರ ಸಂಜಿಗೆ ಮನ್ಯಾಗಿರ್ತಾಳ ನನ್ ಮಗಳು” ಎಂದು ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದ.

ಮೊಣಕಾಲು ನೋವಿನಿಂದ ಮೇಯಿಸಲಾಗದೆ ಅಪ್ಪ ಅರ್ಧ ಹಿಂಡು ಮಾರಲು ಒಪ್ಪಿದ್ದ. ಭಾನುವಾರ ಬೆಳಿಗ್ಗೆ ರಾಯದುರ್ಗದ ವ್ಯಾಪಾರಿ ಬಂದ. ನಾನು ರೊಪ್ಪದ ಬಾಯಲ್ಲಿ ನಿಂತೆ. ಮೊದಲು ಹೊರಬೀಳುವ ಅರ್ಧ ಅವನದು ಎಂದು ಮಾತಾಗಿತ್ತು. ಕುರಿಗಳು ನುಗ್ಗಿದವು. ಕಚ್ಚು ಇದ್ದ ಕಿವಿ ಕಂಡಿತು, ಕೈಯೂ ಮುಂದೆ ಹೋಯಿತು. ಬೆರಳಿಗೆ ಉಣ್ಣೆ ತಾಗಿದ್ದು ನೆನಪಿದೆ. ಕುರಿ ದಾಟಿ ಹೋಗಿತ್ತು.

“ಮೇಡಮ್ಮಾರಿಗೆ ಬೋರ್ಡ್ ಮ್ಯಾಲ ಬರಿಯಾಕ ಬರ್ತೈತಿ, ಕುರಿ ಕಾಲು ಹಿಡಿಯಾಕ ಬರಂಗಿಲ್ಲ ನೋಡ್ರಿ ಮಾವ!” ವ್ಯಾಪಾರಿ ನಕ್ಕ.

ಅಪ್ಪ ನಗಲಿಲ್ಲ. ಕುರಿ ತುಂಬಿಕೊಂಡು ವ್ಯಾಪಾರಿಯ ಗಾಡಿ ಹೋದ ಮೇಲೆ ಕೇಳಿದ.

“ಕಾಣ್ಲಿಲ್ಲೇನವ್ವ?”

“ಕಂಡ್ತಪ್ಪ.”

“ಮತ್ಯಾಕ ಬಿಟ್ಟಿ?”

“ಗೊತ್ತಿಲ್ಲ.”

“ಬ್ಯಾಡಾಗಿತ್ತಂದ್ರ ಬಾಯಿಬಿಟ್ಟು ಹೇಳಬೇಕಿಲ್ಲೇನು?”

ಗೊತ್ತಿಲ್ಲ ಎಂದದ್ದು ಸುಳ್ಳಲ್ಲ. ಕೈ ಜಾರಿತೋ, ನಾನೇ ಸಡಿಲ ಬಿಟ್ಟೆನೋ, ಇವತ್ತಿಗೂ ತಿಳಿಯದು. ಅದನ್ನು ಹಿಡಿದಿದ್ದರೆ ಇಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟಂತೆ ಆಗುತ್ತಿತ್ತೇ? ಅಪ್ಪನಿಗೆ ನೋವಾದದ್ದು ಕುರಿ ಹೋದದ್ದಕ್ಕೋ, ನಾನು ಸುಮ್ಮನಿದ್ದದ್ದಕ್ಕೋ? ಯಾರು, ಯಾರನ್ನು, ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಸಂಜೆ ಅಪ್ಪ ಉಳಿದ ಕುರಿಗಳ ಎಡಗಿವಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಕಚ್ಚು ಇದ್ದದ್ದು ಒಂದೂ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಪ್ಪ ರೊಪ್ಪ ಗುಡಿಸುತ್ತಿದ್ದ. ನಾನು ಹೋಗಿ ಅವನ ಕೈಯಿಂದ ಕಸಬರಿಗೆ ತೆಗೆದುಕೊಂಡೆ. ಹಿಕ್ಕೆ ಗುಡಿಸುತ್ತಲೇ, ತಲೆ ಎತ್ತದೆ, ಮೈಸೂರಿನ ಪತ್ರದ ವಿಷಯ ಮೊದಲಿನಿಂದ ಕೊನೆಯವರೆಗೆ ಹೇಳಿದೆ.